ತಪ್ಪಿದ ಲಸಿಕೆಗೆ ಮೊದಲಿಂದ ಶುರು ಮಾಡಬೇಕಾಗಿಲ್ಲ, ಈ ಗುರುವಾರವೇ ಹೋಗಿ

ಕೂಸಿಗೆ ನಾಲ್ಕೂವರೆ ತಿಂಗಳು, ಎರಡನೇ ಸಲದ ಸೂಜಿ ತಪ್ಪಿದೆ, ಲಸಿಕೆ ಬರೆದಿಡುವ ತಾಯಿ ಕಾರ್ಡ್ ತವರಲ್ಲೇ ಉಳಿದಿದೆ, ಸರ್ಕಾರಿ ಆಸ್ಪತ್ರೆಗೆ ಹೋದರೆ ಬೈತಾರೆ, ಅದಕ್ಕೆ ಖಾಸಗಿಯಲ್ಲಿ ಎಲ್ಲಾ ಮೊದಲಿಂದ ಹಾಕಿಸಲಾ ಅಂತ ಕೇಳಿದ್ದೀರಿ. ಬೇಡ. ಮೊದಲಿಂದ ಅನ್ನುವ ಮಾತನ್ನೇ ತಲೆಯಿಂದ ತೆಗೆದುಹಾಕಿ. ನನ್ನ ಮಗನನ್ನು ಆಸ್ಪತ್ರೆ ಸೇರಿಸಿದ್ದು ಇದೇ ಮಾತು.

ನನ್ನ ತವರು ಇಂಡಿ ತಾಲ್ಲೂಕು, ಗಂಡನ ಮನೆ ಮುಧೋಳದ ಹತ್ತಿರ. ಚೊಚ್ಚಲ ಬಾಣಂತನ ತವರಲ್ಲೇ ಅಲ್ವಾ ನಮ್ಮ ಕಡೆ. ಹುಟ್ಟಿದಾಗಿನ ಬಿಸಿಜಿ, ಪೋಲಿಯೊ ಹನಿ, ಹೆಪಟೈಟಿಸ್ ಬಿ ಆಸ್ಪತ್ರೆಯಲ್ಲೇ ಆಯಿತು. ಒಂದೂವರೆ ತಿಂಗಳಿಗೆ ಅಂಗನವಾಡಿಯಲ್ಲಿ ಐದು ರೋಗಕ್ಕೆ ಒಂದೇ ಆದ ಪೆಂಟಾವೇಲೆಂಟ್ (ಪೆಂಟಾ) ಸೂಜಿ ಹಾಕಿದರು. ಆ ರಾತ್ರಿ ಮೈ ಕಾಯಿತು, ತೊಡೆ ಬಾತಿತು, ಕೂಸು ಬೆಳತನಕ ಅತ್ತಿತು. ಮುಂದಿನ ಸರದಿ ಬಂದಾಗ ಅವ್ವ "ಈಗ ಬ್ಯಾಡವಾ, ಕೂಸು ಸ್ವಲ್ಪ ಗಟ್ಟಿ ಆಗಲಿ" ಅಂದಳು. ನಾನೂ ಹೂಂ ಅಂದೆ. ಅಷ್ಟರಲ್ಲಿ ಗಂಡನ ಮನೆಗೆ ಬರುವ ದಿನ ಬಂತು, ಕಾರ್ಡ್ ಅವ್ವನ ಟ್ರಂಕಿನಲ್ಲೇ ಉಳಿಯಿತು.

ಇಲ್ಲಿಯವರೆಗೆ ಆಗಿದ್ದು ಏನೂ ದೊಡ್ಡದಲ್ಲ. ಸುಮಾರು ಮನೆಗಳಲ್ಲಿ ಆಗುತ್ತದೆ. ನಮ್ಮನ್ನು ಕೆಡಿಸಿದ್ದು ಆಮೇಲಿನದು. ತಾರೀಖು ದಾಟಿದರೆ ಹಾಕಿಸಿದ ಸೂಜಿ ಲೆಕ್ಕಕ್ಕೆ ಬರುವುದಿಲ್ಲ, ಮತ್ತೆ ಒಂದರಿಂದ ಶುರು ಅಂತ ನಾನು ತಿಳಿದಿದ್ದೆ. ಹಾಗೆ ಅಂತ ಯಾರು ಹೇಳಿದರೋ ಗೊತ್ತಿಲ್ಲ. ಆದರೆ ಅದು ತಲೆಯಲ್ಲಿ ಕೂತಿದ್ದರಿಂದ ಅವಸರ ಅನ್ನುವುದೇ ಹೋಯಿತು. ಹೇಗೂ ಎಲ್ಲಾ ಹೊಸದಾಗಿ ಆಗಬೇಕು, ಕಾರ್ಡ್ ಬರಲಿ, ಕಬ್ಬು ಫ್ಯಾಕ್ಟರಿಗೆ ಹೋಗಲಿ, ಯಜಮಾನರಿಗೆ ಬಿಡುವಾಗಲಿ, ಆಮೇಲೆ ಒಂದೇ ಸಲಕ್ಕೆ ಚೆನ್ನಾಗಿ ಶುರು ಮಾಡೋಣ ಅಂತ ಲಸಿಕೆ ಹಾಕುವ ಗುರುವಾರದ ಮೇಲೆ ಗುರುವಾರ ಬಿಟ್ಟೆವು. ನಮ್ಮ ಮನೆಯಲ್ಲಿ ಯಾರೂ ಲಸಿಕೆ ಬೇಡ ಅಂದವರಲ್ಲ, ಅದನ್ನು ತಿಳಿದುಕೊಳ್ಳಿ. ಹಾಕಿಸಬೇಕು ಹಾಕಿಸಬೇಕು ಅನ್ನುತ್ತಲೇ ದಿನ ಕಳೆದವರು ನಾವು. ಓಣಿಯ ಆಶಾ ಕಾರ್ಯಕರ್ತೆಯನ್ನು ನಿಲ್ಲಿಸಿ ಒಂದು ಮಾತು ಕೇಳಿದ್ದರೆ ಮುಗಿಯುತ್ತಿತ್ತು. ಹೊಸ ಸೊಸೆ, ಬೈಸಿಕೊಳ್ಳುವುದು ಯಾಕೆ ಅಂತ ಕೇಳಲಿಲ್ಲ.

ಮನೆಯಲ್ಲಿ ಮಾವನವರಿಗೆ ತುಂಬಾ ದಿನದಿಂದ ಕೆಮ್ಮಿತ್ತು. ತಂಬಾಕಿನ ಕೆಮ್ಮು ಅಂದುಕೊಂಡಿದ್ದೆವು. ಕೂಸನ್ನು ಎತ್ತಿ ಆಡಿಸುವವರೂ ಅವರೇ. ಕೂಸಿಗೆ ಮೊದಲು ಸುಮ್ನೆ ಮೂಗು ಸೋರಿತು. ಆಮೇಲೆ ರಾತ್ರಿ ಕೆಮ್ಮು ಹತ್ತಿಕೊಂಡರೆ ನಿಲ್ಲುತ್ತಲೇ ಇರಲಿಲ್ಲ. ಮುಖ ಕೆಂಪಾಗಿ ನೀಲಿಗೆ ತಿರುಗುತ್ತಿತ್ತು, ಕುಡಿದ ಹಾಲೆಲ್ಲ ಹೊರಗೆ ಬರುತ್ತಿತ್ತು. ಒಂದು ರಾತ್ರಿ ಕೆಮ್ಮಿ ಕೆಮ್ಮಿ ಉಸಿರೇ ನಿಂತಿತು. ಬೆನ್ನು ತಟ್ಟಿ, ಹೆಸರು ಹಿಡಿದು ಕೂಗಿದೆ. ಮತ್ತೆ ಉಸಿರು ಬಂದ ಮೇಲೆ ಸಿಕ್ಕ ಗಾಡಿಯಲ್ಲಿ ಬಾಗಲಕೋಟೆಗೆ ಓಡಿದೆವು. ನಾಯಿಕೆಮ್ಮು ಅಂದರು. ಆಕ್ಸಿಜನ್ ಹಚ್ಚಿದರು, ಆಂಟಿಬಯೋಟಿಕ್ ಕೊಟ್ಟರು. ದೊಡ್ಡ ಮಕ್ಕಳಿಗೆ ಬರುವ ಆ 'ಹೂಪ್' ಅನ್ನುವ ಸದ್ದು ಸಣ್ಣ ಕೂಸುಗಳಿಗೆ ಎಷ್ಟೋ ಸಲ ಬರುವುದೇ ಇಲ್ಲವಂತೆ, ನೇರ ಉಸಿರೇ ನಿಲ್ಲುತ್ತದಂತೆ. ಮನೆಗೆ ಬಂದ ಮೇಲೂ ವಾರಗಟ್ಟಲೆ ಕೆಮ್ಮು ಬಿಡಲಿಲ್ಲ.

ತಪ್ಪಿದ ಸೂಜಿಯ ಬಗ್ಗೆ ನನಗೆ ಸರಿಯಾಗಿ ಹೇಳಿದ್ದು ಅಲ್ಲಿಯ ಸಿಸ್ಟರ್. ಹಾಕಿಸಿದ ಸೂಜಿ ಎಲ್ಲೂ ಹೋಗುವುದಿಲ್ಲ. ಎಲ್ಲಿಗೆ ನಿಂತಿತ್ತೋ ಅಲ್ಲಿಂದ ಮುಂದುವರಿಸುತ್ತಾರೆ, ಒಂದಕ್ಕೊಂದು ಕನಿಷ್ಠ ನಾಲ್ಕು ವಾರ ಅಂತರ ಇರಬೇಕು, ಅಷ್ಟೇ. ಆದರೆ ಪೆಂಟಾ ಮೂರೂ ಆಗದೆ ರಕ್ಷಣೆ ಪೂರ್ತಿ ಬರುವುದಿಲ್ಲ, ಒಂದರ ಮೇಲೆ ಧೈರ್ಯವಾಗಿ ಕೂರಬಾರದು.

ಸರ್ಕಾರಿಯಾ ಖಾಸಗಿಯಾ ಅನ್ನುವುದು ಈಗ ಪ್ರಶ್ನೆಯೇ ಅಲ್ಲ. ಅಂಗನವಾಡಿಯಲ್ಲಿ ಪುಕ್ಕಟೆ ಹಾಕುವ ಪೆಂಟಾ ಅನ್ನುವ ಒಂದೇ ಸೂಜಿಯಲ್ಲಿ ಗಂಟಲುಮಾರಿ, ನಾಯಿಕೆಮ್ಮು, ಧನುರ್ವಾಯು, ಹೆಪಟೈಟಿಸ್ ಬಿ, ಹಿಬ್ (ನ್ಯುಮೋನಿಯಾ, ಮೆದುಳುಜ್ವರ ತರುವ ಒಂದು ರೋಗಾಣು) ಐದಕ್ಕೂ ರಕ್ಷಣೆ ಇದೆ. ಜೊತೆಗೆ ನ್ಯುಮೋನಿಯಾದ ಪಿಸಿವಿ, ಭೇದಿಯ ರೋಟಾ ಹನಿ ಕೂಡ ಅಲ್ಲೇ ಸಿಗುತ್ತವೆ. ಖಾಸಗಿಯ 'ನೋವಿಲ್ಲದ' ಸೂಜಿಗೆ ಜ್ವರ ಕಡಿಮೆ, ನಿಜ. ಆದರೆ ಅದು ಕೊಡುವ ನಾಯಿಕೆಮ್ಮಿನ ರಕ್ಷಣೆ ಬೇಗ ಇಳಿಯುತ್ತದೆ, ದುಡ್ಡೂ ಜಾಸ್ತಿ. ಬೈಗುಳಕ್ಕೆ ಹೆದರಬೇಡಿ. ಬೈದರೆ ಬೈಸಿಕೊಳ್ಳಿ, ಕೂಸನ್ನು ಮಾತ್ರ ಮುಂದೆ ಹಿಡಿಯಿರಿ.

ಕಾರ್ಡಿಗೆ ಕಾಯಬೇಡಿ. ತವರಿನ ಆಶಾ ಹತ್ತಿರ ಹೆಸರು, ತಾರೀಖು ಬರೆದಿರುತ್ತಾರೆ, ನಿಮ್ಮ ತಾಯಿಗೆ ಹೇಳಿ ಕಾರ್ಡಿನ ಫೋಟೊ ತರಿಸಿಕೊಳ್ಳಿ. ಸರ್ಕಾರದ ಲಸಿಕೆ ದಾಖಲೆಯ ಆನ್‌ಲೈನ್ ವ್ಯವಸ್ಥೆ ಯು-ವಿನ್‌ನಲ್ಲಿ ದಾಖಲಾಗಿದ್ದರೆ ನೀವು ಕೊಟ್ಟಿದ್ದ ಮೊಬೈಲ್ ನಂಬರಿನಿಂದಲೇ ಸಿಗುತ್ತದೆ. ಒಂದೇ ದಿನ ಎರಡು ಮೂರು ಸೂಜಿ ಹಾಕಿದರೂ ಗಾಬರಿಯಾಗಬೇಡಿ. ಸಣ್ಣ ನೆಗಡಿ ಇದೆ ಅಂತ ಮುಂದೂಡಬೇಡಿ. ಹಾಕಿಸಿ ಅರ್ಧ ಗಂಟೆ ಅಲ್ಲೇ ಕೂತು ಬನ್ನಿ.

ಜ್ವರ ಸಾಮಾನ್ಯವಾಗಿ ಒಂದೆರಡು ದಿನದಲ್ಲಿ ಇಳಿಯುತ್ತದೆ. ಪ್ಯಾರಾಸಿಟಮಾಲ್ ಎಷ್ಟು ಕೊಡಬೇಕು ಅಂತ ಕೂಸಿನ ತೂಕ ಹೇಳಿ ಸಿಸ್ಟರ್ ಕಡೆಯಿಂದ ಬರೆಸಿಕೊಳ್ಳಿ. ಡ್ರಾಪ್ಸ್ ಬೇರೆ, ಸಿರಪ್ ಬೇರೆ. ಡ್ರಾಪ್ಸ್‌ನಲ್ಲಿ ಸಾಮಾನ್ಯವಾಗಿ 1 ಎಂಎಲ್‌ಗೆ 100 ಮಿಲಿಗ್ರಾಂ ಔಷಧ ಇರುತ್ತದೆ, ಸಿರಪ್‌ನಲ್ಲಿ 5 ಎಂಎಲ್‌ಗೆ 125 ಅಥವಾ 250. ಸಿರಪ್‌ನ ಅಳತೆಯಲ್ಲಿ ಡ್ರಾಪ್ಸ್ ಕುಡಿಸಿದರೆ ಅಪಾಯ. ಬಾತ ತೊಡೆಗೆ ಎಣ್ಣೆ ತಿಕ್ಕಬೇಡಿ, ತಣ್ಣೀರ ಬಟ್ಟೆ ಇಟ್ಟರೆ ಸಾಕು. ಫಿಟ್ಸ್ ಬಂದರೆ, ಹಾಲೇ ಕುಡಿಯದಿದ್ದರೆ, ಕೂಸು ಮಂಕಾದರೆ ತಡ ಮಾಡದೆ ಡಾಕ್ಟರ ಹತ್ತಿರ ಓಡಿ.

ಒಂಬತ್ತು ತಿಂಗಳು ತುಂಬಿದಾಗ ದಡಾರ-ರುಬೆಲ್ಲಾ ಸೂಜಿ, ವಿಟಮಿನ್ ಎ ಇದೆ. 16ರಿಂದ 24 ತಿಂಗಳೊಳಗೆ ಬೂಸ್ಟರ್, ಅಂದರೆ ರಕ್ಷಣೆ ಮತ್ತೆ ಗಟ್ಟಿ ಮಾಡುವ ಸೂಜಿ ಇದೆ. ಮಗು ನಡೆಯಲು ಕಲಿತ ಮೇಲೆ ಬಹಳ ಜನ ಮರೆಯುವುದು ಇದನ್ನೇ.

ಇನ್ನೊಂದು, ಮೂರೂ ಸೂಜಿ ಮುಗಿಯುವವರೆಗೆ ಮನೆಯಲ್ಲಿ ಕೆಮ್ಮಿರುವ ಯಾರ ಕೈಗೂ ಕೂಸನ್ನು ಕೊಡಬೇಡಿ. ಮಾವನವರೇ ಆಗಿರಲಿ. ಮೊದಲು ಅವರನ್ನು ಡಾಕ್ಟರಿಗೆ ತೋರಿಸಿ.