ಗರ್ಭಕೋಶದ ರೋಗಗಳ ಕುರಿತ ನಿಮ್ಮ ಲೇಖನದ ಬಗ್ಗೆ

ಮಾನ್ಯರೇ,

ಯೋನಿಯಲ್ಲಿ ನೆಲೆಸಿರುವ ಸೂಕ್ಷ್ಮಜೀವಿಗಳಿಗೂ ಗರ್ಭಕೋಶದ ರೋಗಗಳಿಗೂ ಇರುವ ನಂಟನ್ನು ಕುರಿತು ನೀವು ಕಳುಹಿಸಿದ ಲೇಖನವನ್ನು ಗಮನವಿಟ್ಟು ಓದಿದೆ. ಈ ವಿಷಯವನ್ನು ಮುಜುಗರವಿಲ್ಲದೆ, ಅಂಗಗಳ ಹೆಸರು ಹೇಳಿಯೇ ಕನ್ನಡದಲ್ಲಿ ಬರೆಯುವವರು ಕಡಿಮೆ. ನೀವು ಬರೆದಿರುವುದು ನನಗೆ ನಿಜಕ್ಕೂ ಸಂತೋಷ ತಂದಿದೆ. ಆದರೂ ಈಗಿನ ರೂಪದಲ್ಲಿ ಇದನ್ನು ಪ್ರಕಟಿಸಲಾರೆ. ಎರಡು ಸಂಗತಿಗಳು ಜೊತೆಯಾಗಿ ಕಂಡುಬಂದಿವೆ ಎಂದಷ್ಟೇ ಸಂಶೋಧಕರು ಹೇಳಿರುವಲ್ಲೆಲ್ಲ ನೀವು ‘ಇದರಿಂದಲೇ ಅದು ಬರುತ್ತದೆ’ ಎಂದು ಬರೆದಿದ್ದೀರಿ.

ಎಂಡೊಮೆಟ್ರಿಯೋಸಿಸ್, ಅಂದರೆ ಗರ್ಭಕೋಶದ ಒಳಪದರದಂಥ ಅಂಗಾಂಶ ಗರ್ಭಕೋಶದ ಹೊರಗೆ ಬೆಳೆಯುವ ರೋಗದ ಭಾಗವನ್ನೇ ನೋಡಿ. ಜಪಾನಿನ ನಗೋಯಾ ವಿಶ್ವವಿದ್ಯಾಲಯದ ತಂಡ 2023ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಈ ರೋಗವಿದ್ದ ಶೇ. 64ರಷ್ಟು ಮಹಿಳೆಯರ ಗರ್ಭಕೋಶದ ಒಳಪದರದಲ್ಲಿ ಫ್ಯೂಸೋಬ್ಯಾಕ್ಟೀರಿಯಂ ಎಂಬ ಬ್ಯಾಕ್ಟೀರಿಯಾ ಪತ್ತೆಯಾಯಿತು. ರೋಗವಿಲ್ಲದವರಲ್ಲಿ ಆ ಪ್ರಮಾಣ ಶೇ. 10ಕ್ಕಿಂತ ಕಡಿಮೆಯಿತ್ತು. ಇದು ಮಹತ್ವದ ಶೋಧನೆಯೇ ಹೌದು. ಆದರೆ ನೀವು ಬರೆದಿರುವಂತೆ ಆ್ಯಂಟಿಬಯಾಟಿಕ್ ಕೊಟ್ಟಾಗ ರೋಗದ ಗಂಟುಗಳು ಕುಗ್ಗಿದ್ದು ಇಲಿಗಳಲ್ಲಿ, ಮತ್ತು ನಿಮ್ಮ ಲೇಖನದಲ್ಲಿ ಇಲಿಯ ಪ್ರಸ್ತಾಪವೇ ಇಲ್ಲ. ವರ್ಷಗಟ್ಟಲೆ ಮುಟ್ಟಿನ ನೋವಿನಿಂದ ನರಳಿರುವ ಓದುಗರೊಬ್ಬರು ಆ ಸಾಲನ್ನು ನಂಬಿ ನೇರವಾಗಿ ಔಷಧದ ಅಂಗಡಿಗೆ ಹೋಗಿ ಮಾತ್ರೆ ಕೇಳಿದರೆ, ಅದರ ಹೊಣೆ ನಿಮ್ಮದೂ ಆಗುತ್ತದೆ, ನನ್ನದೂ ಆಗುತ್ತದೆ.

ಗರ್ಭಕೋಶದ ಕ್ಯಾನ್ಸರಿನ ಭಾಗದಲ್ಲೂ ಇದೇ ತೊಡಕಿದೆ. ಕೆಲವು ಬ್ಯಾಕ್ಟೀರಿಯಾಗಳಿಗೂ ಈ ಕ್ಯಾನ್ಸರಿಗೂ ನಂಟು ಕಂಡ, ನೀವು ಆಧರಿಸಿರುವ ಅಮೆರಿಕದ 2016ರ ಅಧ್ಯಯನದಲ್ಲಿ ಇದ್ದವರು ಒಟ್ಟು 31 ಮಹಿಳೆಯರು. ಮುಟ್ಟು ನಿಂತ ಮೇಲೆ ಈಸ್ಟ್ರೋಜನ್ ಕಡಿಮೆಯಾಗಿ, ಅದರೊಂದಿಗೆ ಯೋನಿಯನ್ನು ಆಮ್ಲೀಯವಾಗಿಡುವ ಲ್ಯಾಕ್ಟೋಬ್ಯಾಸಿಲಸ್ ಎಂಬ ಬ್ಯಾಕ್ಟೀರಿಯಾ ಕುಗ್ಗಿ, ಯೋನಿಯ ಆಮ್ಲೀಯತೆಯೂ ತಗ್ಗುತ್ತದೆ. ಈ ಕ್ಯಾನ್ಸರ್ ಹೆಚ್ಚಾಗಿ ಕಾಣಿಸಿಕೊಳ್ಳುವುದೂ ಅದೇ ವಯಸ್ಸಿನಲ್ಲಿ. ಹಾಗಿರುವಾಗ ಬ್ಯಾಕ್ಟೀರಿಯಾ ರೋಗವನ್ನು ತಂದಿತೋ, ರೋಗ ಬ್ಯಾಕ್ಟೀರಿಯಾಕ್ಕೆ ಎಡೆಮಾಡಿಕೊಟ್ಟಿತೋ, ಅಥವಾ ವಯಸ್ಸೇ ಎರಡನ್ನೂ ತಂದಿತೋ ಎಂಬ ಪ್ರಶ್ನೆಯನ್ನು ನೀವು ಓದುಗರ ಮುಂದಿಡಲೇಬೇಕು.

ಗರ್ಭಕೋಶದಿಂದ ಮಾದರಿ ತೆಗೆಯುವುದೇ ಎಷ್ಟು ಕಷ್ಟವೆಂಬುದನ್ನು ನೀವು ಬಿಟ್ಟಿದ್ದೀರಿ. ನನಗೆ ಅತ್ಯಂತ ಕುತೂಹಲಕರವಾಗಿ ಕಾಣುವುದು ಅದೇ. ಅಲ್ಲಿ ಬ್ಯಾಕ್ಟೀರಿಯಾ ಯೋನಿಯಲ್ಲಿರುವುದಕ್ಕಿಂತ ಬಹಳ ಕಡಿಮೆ. ಯೋನಿಯ ಮೂಲಕ ನಳಿಕೆ ತೂರಿಸಿದರೆ ಅಲ್ಲಿನ ಜೀವಿಗಳೇ ಅದಕ್ಕೆ ಅಂಟಿಕೊಂಡು ಒಳಗೆ ಹೋಗುತ್ತವೆ, ಪ್ರಯೋಗಾಲಯದ ರಾಸಾಯನಿಕಗಳಲ್ಲಿರುವ ಡಿಎನ್‌ಎ ಕೂಡ ಫಲಿತಾಂಶದಲ್ಲಿ ಬೆರೆತುಹೋಗುತ್ತದೆ. 2017ರಲ್ಲಿ ಪ್ರಕಟವಾದ ಚೀನಾದ ಅಧ್ಯಯನವೊಂದರಲ್ಲಿ ಇದೇ ಕಾರಣಕ್ಕಾಗಿ ಶಸ್ತ್ರಚಿಕಿತ್ಸೆಯ ವೇಳೆ ಹೊಟ್ಟೆಯ ಕಡೆಯಿಂದಲೂ ಮಾದರಿ ತೆಗೆದರು. ಈ ಕಷ್ಟವನ್ನು ಅರಿತ ಓದುಗರು ಮುಂದೆ ಯಾವ ಸುದ್ದಿಯನ್ನು ಓದಿದರೂ ಎಚ್ಚರದಿಂದ ಓದುತ್ತಾರೆ. ಆದ್ದರಿಂದ ಇದಕ್ಕೆ ಒಂದು ಪುಟವನ್ನೇ ಕೊಡಿ.

‘ಲ್ಯಾಕ್ಟೋಬ್ಯಾಸಿಲಸ್ ಇಲ್ಲದಿದ್ದರೆ ರೋಗ’ ಎಂಬ ವಾಕ್ಯವನ್ನು ತೆಗೆದುಹಾಕಿ. 2011ರಲ್ಲಿ ಅಮೆರಿಕದಲ್ಲಿ ಯಾವ ತೊಂದರೆಯನ್ನೂ ಹೇಳಿಕೊಳ್ಳದ 396 ಮಹಿಳೆಯರನ್ನು ಪರೀಕ್ಷಿಸಿದಾಗ, ನಾಲ್ವರಲ್ಲಿ ಒಬ್ಬರಿಗಿಂತ ತುಸು ಹೆಚ್ಚು ಮಂದಿಯಲ್ಲಿ ಅದರ ಪ್ರಾಬಲ್ಯವಿರಲಿಲ್ಲ. 1892ರಲ್ಲಿ ಈ ಬ್ಯಾಕ್ಟೀರಿಯಾವನ್ನು ವಿವರಿಸಿದ ಜರ್ಮನ್ ವೈದ್ಯ ಡೋಡರ್ಲೈನ್ ಅವರಿಂದ ಆರಂಭವಾಗುವ ಇತಿಹಾಸದ ಭಾಗ ಚೆನ್ನಾಗಿದೆ, ಅದನ್ನು ಹಾಗೆಯೇ ಇರಿಸಿ.

ಕೊನೆಯ ಪುಟದ ‘ಸ್ವಚ್ಛತೆಯ ಸಲಹೆ’ ಮಾತ್ರ ನನಗೆ ಬೇಸರ ತಂದಿತು. ನೀವು ಹೇಳಿದಂತೆ ಯೋನಿಯ ಒಳಭಾಗವನ್ನು ತೊಳೆಯುವುದರಿಂದ ಅಲ್ಲಿನ ಸಮತೋಲನವೇ ಕೆಡುತ್ತದೆ. ಯೋನಿಯ ಬ್ಯಾಕ್ಟೀರಿಯಾಗಳ ಸಮತೋಲನ ತಪ್ಪಿ ಬರುವ ಬ್ಯಾಕ್ಟೀರಿಯಲ್ ವಜೈನೋಸಿಸ್ ಮರುಕಳಿಸುವುದಕ್ಕೆ ನೀವು ಹೆಣ್ಣಿನ ಅಶುಚಿಯನ್ನು ದೂರಿದ್ದೀರಿ. ಆದರೆ 2025ರಲ್ಲಿ ಪ್ರಕಟವಾದ ಆಸ್ಟ್ರೇಲಿಯಾದ ಪ್ರಯೋಗದಲ್ಲಿ, ಗಂಡು ಸಂಗಾತಿಗೂ ಚಿಕಿತ್ಸೆ ಕೊಟ್ಟಾಗ 12 ವಾರಗಳೊಳಗೆ ಅದು ಮರುಕಳಿಸಿದ್ದು ಶೇ. 35 ಮಂದಿಯಲ್ಲಿ, ಹೆಣ್ಣಿಗೆ ಮಾತ್ರ ಕೊಟ್ಟಾಗ ಶೇ. 63 ಮಂದಿಯಲ್ಲಿ. ನಮ್ಮ ಕಲಬುರಗಿ ಜಿಲ್ಲೆಯಲ್ಲಿ ಕಳೆದ ದಶಕದಲ್ಲಿ, ಬಿಳಿ ಸೆರಗು, ಹೊಟ್ಟೆನೋವಿನಂಥ ದೂರು ಹೊತ್ತು ಹೋದ ಬಡ ಹೆಣ್ಣುಮಕ್ಕಳ ಗರ್ಭಕೋಶವನ್ನೇ ತೆಗೆದ ಪ್ರಕರಣಗಳು ಬೆಳಕಿಗೆ ಬಂದಿದ್ದವು. ‘ಯೋನಿಯ ಸೋಂಕು ಗರ್ಭಕೋಶವನ್ನು ಕೊಳೆಸುತ್ತದೆ’ ಎಂಬ ನಿಮ್ಮ ಮಾತು ಅಂಥ ಶಸ್ತ್ರಚಿಕಿತ್ಸೆಗೆ ನೆಪವಾಗಬಲ್ಲದು. ಅದರ ಬದಲು, ಬಿಳಿ ಸೆರಗಿನ ಬಣ್ಣ ಅಥವಾ ವಾಸನೆ ಬದಲಾದರೆ ಮೊದಲು ಪರೀಕ್ಷೆ ಮಾಡಿಸಬೇಕೆಂದೂ, ಗರ್ಭಕೋಶ ತೆಗೆಯಬೇಕೆಂದು ಯಾರಾದರೂ ಹೇಳಿದರೆ ಇನ್ನೊಬ್ಬ ವೈದ್ಯರ ಅಭಿಪ್ರಾಯ ಪಡೆಯಬೇಕೆಂದೂ ಬರೆಯಿರಿ.

ತಿದ್ದಿದ ಪ್ರತಿಯನ್ನು ಒಬ್ಬ ಸ್ತ್ರೀರೋಗ ತಜ್ಞರಿಗೆ ತೋರಿಸಿ, ಅವರ ಟಿಪ್ಪಣಿಗಳೊಂದಿಗೆ ನನಗೆ ಕಳುಹಿಸಿ.

ಇಂತು,
ಸಂಪಾದಕ