ಸರ್ಕಾರಿ ವಕೀಲರು ತಾವೇ ರಾಜಿ ಮಾಡಿಕೊಳ್ಳಬಹುದಾ?

ನಿಮ್ಮ ಪ್ರಶ್ನೆ ಇದು: ತೀರ್ಥಹಳ್ಳಿ ಕಡೆ ರಸ್ತೆ ಅಗಲ ಮಾಡುವಾಗ ಅಡಿಕೆ ತೋಟದ ಅಂಚು ಹೋಯಿತು. ಹೆಚ್ಚಿನ ಪರಿಹಾರಕ್ಕೆ ಶಿವಮೊಗ್ಗದ ಕೋರ್ಟಿನಲ್ಲಿ ಕೇಸಿದೆ. ನೀವು ಕೇಳಿದ ಮೊತ್ತ ಸರಿಯಾಗಿದೆ ಎನ್ನುವ ಸರ್ಕಾರಿ ವಕೀಲರು ರಾಜಿಗೆ ಮಾತ್ರ ಸಹಿ ಹಾಕುತ್ತಿಲ್ಲ, ಯಾಕೆ?

ಅವರಿಗೆ ಆ ಅಧಿಕಾರ ಇಲ್ಲ. ಸರ್ಕಾರದಿಂದ ಒಪ್ಪಿಗೆ ಬಂದರೆ ಮಾತ್ರ ಅವರು ರಾಜಿ ಮಾಡಿಕೊಳ್ಳಬಹುದು.

ಕೇಸಿನಲ್ಲಿ ಕಕ್ಷಿದಾರ ಸರ್ಕಾರ. ವಕೀಲರು ಅದರ ಪರವಾಗಿ ಮಾತಾಡುವವರು ಅಷ್ಟೇ. ನಿಮ್ಮ ವಕೀಲರು ನಿಮ್ಮನ್ನು ಕೇಳದೆ ತೋಟಕ್ಕೆ ಬೆಲೆ ಒಪ್ಪಿಬಿಟ್ಟರೆ ನೀವು ಸುಮ್ನೆ ಇರ್ತೀರಾ? ಇಲ್ಲ ಅಲ್ವಾ. ಆದರೆ ನೀವು ಹೂಂ ಅಂದರೆ ನಿಮ್ಮ ಕಡೆಯದು ಮುಗಿಯಿತು. ಸರ್ಕಾರ ಕೊಡುವುದು ಜನರ ದುಡ್ಡು. ಹಾಗಾಗಿ ಅದರ 'ಹೂಂ' ಕಡತದಲ್ಲೇ ಬರಬೇಕು. ವಕೀಲರು ಅಭಿಪ್ರಾಯ ಬರೆದು ಕಳಿಸುತ್ತಾರೆ, ಇಲಾಖೆ ಲೆಕ್ಕ ನೋಡುತ್ತದೆ, ಕಡತ ಬೆಂಗಳೂರಿನವರೆಗೂ ಹೋಗಬಹುದು. ವಯಸ್ಸಾದ ರೈತರಿಗೆ ಈ ಕಾಯುವಿಕೆ ನಿಜಕ್ಕೂ ಕಷ್ಟ.

ಸಿವಿಲ್ ಪ್ರಕ್ರಿಯಾ ಸಂಹಿತೆಯ 23ನೇ ಆದೇಶದ 3ನೇ ನಿಯಮದಂತೆ ರಾಜಿ ಬರಹದಲ್ಲಿರಬೇಕು, ಕಕ್ಷಿದಾರರ ಸಹಿ ಇರಬೇಕು. ಲೋಕ ಅದಾಲತ್‌ನಲ್ಲಂತೂ ಎಚ್ಚರ ಜಾಸ್ತಿ, ಅಲ್ಲಿ ಆದ ರಾಜಿಗೆ ಮೇಲ್ಮನವಿಯೇ ಇಲ್ಲ.

ಬರೀ ವಕೀಲರನ್ನು ಕಾಯುತ್ತಾ ಕೂರಬೇಡಿ. ಹೋದ ಗುಂಟೆ ಎಷ್ಟು, ಫಸಲು ಕೊಡುತ್ತಿದ್ದ ಮರ ಎಷ್ಟು, ಎಷ್ಟಕ್ಕೆ ಒಪ್ಪುತ್ತೀರಿ ಎಂದು ಒಂದು ಹಾಳೆಯಲ್ಲಿ ಬರೆಯಿರಿ. ನಿಮ್ಮ ವಕೀಲರ ಮೂಲಕ ಭೂಸ್ವಾಧೀನ ಅಧಿಕಾರಿಯ ಕಚೇರಿಗೂ ಕೊಟ್ಟು, ಪ್ರತಿಯ ಮೇಲೆ ಸೀಲು ಹಾಕಿಸಿಕೊಳ್ಳಿ.