ಕಳಿಸಿದ್ದು ಅವನಿಗೆ, ಊರಿಗಲ್ಲ

ಓದುಗರ ಪತ್ರ

ಸಂಪಾದಕರಿಗೆ ನಮಸ್ಕಾರ. ನನ್ನ ತಂಗಿಯ ಮಗಳಿಗೆ ನಿಶ್ಚಿತಾರ್ಥವಾಗಿ, ಮದುವೆಗೆ ಮುಂಚೆಯೇ ಸಂಬಂಧ ಮುರಿದುಬಿತ್ತು. ಫೋನಿನಲ್ಲಿ ಮಾತಾಡುತ್ತಿದ್ದ ದಿನಗಳಲ್ಲಿ ಹುಡುಗ ಕೇಳಿದ ಅಂತ, ಒಳಉಡುಪಿನಲ್ಲಿ ತೆಗೆದುಕೊಂಡ ಎರಡು ಮೂರು ಸೆಲ್ಫಿ ಕಳಿಸಿದ್ದಾಳೆ. ಈಗ ಅವನು ಅದರಲ್ಲೊಂದನ್ನು ನಮ್ಮ ನೆಂಟರ ವಾಟ್ಸಾಪ್ ಗ್ರೂಪಿಗೆ ಹಾಕಿದ್ದಾನೆ. ನಿಶ್ಚಿತಾರ್ಥದ ಖರ್ಚು 2 ಲಕ್ಷ ಕೊಡದಿದ್ದರೆ ಉಳಿದದ್ದನ್ನೂ ಹಾಕ್ತೀನಿ ಅಂತಾನೆ. ಹುಡುಗಿ ಊಟ ಬಿಟ್ಟಿದ್ದಾಳೆ. ಅವಳಪ್ಪ ದುಡ್ಡು ಹೊಂದಿಸುತ್ತಿದ್ದಾರೆ. ನಮ್ಮ ಯಜಮಾನರು "ಅವಳೇ ಕಳಿಸಿದ್ದಲ್ವಾ, ಕೇಸು ನಿಲ್ಲುತ್ತಾ? ಸ್ಟೇಷನ್‌ಗೆ ಹೋದರೆ ಇರೋ ಮಾನವೂ ಹೋಗುತ್ತೆ" ಅಂತಾರೆ. ಇದಕ್ಕೆ ನಿಜವಾಗಿಯೂ ಕಾನೂನು ಇದೆಯಾ? ದಯವಿಟ್ಟು ಹೆಸರು, ಊರು ಹಾಕಬೇಡಿ.

— ಮಲೆನಾಡಿನ ಒಬ್ಬ ದೊಡ್ಡಮ್ಮ

ಸಂಪಾದಕರ ಉತ್ತರ

ಅಮ್ಮಾ, ತುರ್ತಾಗಿ ಮಾಡಬೇಕಾದ್ದನ್ನು ಫೋನಿನಲ್ಲಿ ಆಗಲೇ ಹೇಳಿದ್ದೇನೆ. ಇಲ್ಲಿ ಬರೆಯುತ್ತಿರುವುದು ಇದೇ ಸಂಕಟದಲ್ಲಿರುವ ಬೇರೆ ಮನೆಗಳಿಗೂ ಸೇರಿಸಿ.

ಮೊದಲು ನಿಮ್ಮ ಯಜಮಾನರ ಪ್ರಶ್ನೆ. ಅವರೊಬ್ಬರದೇ ಅಲ್ಲ ಅದು. ಠಾಣೆಯ ಮೇಜಿನ ಆಚೆಯಿಂದಲೂ ಅದೇ ಬರುತ್ತದೆ, ಮನೆಯ ಜಗಲಿಯಿಂದಲೂ ಅದೇ. "ಅವಳೇ ಕಳಿಸಿದ್ದಲ್ವಾ?" ಹೌದು, ಕಳಿಸಿದ್ದಾಳೆ, ಅವನೊಬ್ಬನಿಗೆ. ತೆಗೆಯಲು ಒಪ್ಪುವುದು ಬೇರೆ, ಹಂಚಲು ಒಪ್ಪುವುದು ಬೇರೆ. ಇದು ನನ್ನ ಅಭಿಪ್ರಾಯವಲ್ಲ, ಕಾನೂನಿನಲ್ಲೇ ಬರೆದಿದೆ. ದೆಹಲಿಯ ನಿರ್ಭಯಾ ಪ್ರಕರಣದ ನಂತರ ವರ್ಮಾ ಸಮಿತಿ ಕೂತು, 2013ರಲ್ಲಿ ಐಪಿಸಿಗೆ ಹೊಸ ಕಲಂಗಳು ಬಂದವಲ್ಲ, ಅದರಲ್ಲಿ 354ಸಿ ಒಂದು. ಹೆಣ್ಣುಮಗಳ ಖಾಸಗಿ ಕ್ಷಣವನ್ನು ಕದ್ದು ನೋಡುವುದು, ಚಿತ್ರ ತೆಗೆಯುವುದು, ಹರಡುವುದು ಅದರಡಿ ಅಪರಾಧ. ಆ ಕಲಮಿನ ಕೆಳಗೆ ಒಂದು ವಿವರಣೆ ಇದೆ: ಚಿತ್ರ ತೆಗೆಯಲು ಆಕೆ ಒಪ್ಪಿದ್ದರೂ ಮೂರನೆಯವರಿಗೆ ಹಂಚಲು ಒಪ್ಪಿರದಿದ್ದರೆ, ಹಂಚಿದ್ದು ಅಪರಾಧವೇ. 2024ರ ಜುಲೈ 1ರಿಂದ ಐಪಿಸಿ ಜಾಗಕ್ಕೆ ಭಾರತೀಯ ನ್ಯಾಯ ಸಂಹಿತೆ ಬಂತು. ಅಲ್ಲಿ ಇದು ಕಲಂ 77. ಮೊದಲ ಸಲಕ್ಕೆ 1ರಿಂದ 3 ವರ್ಷ ಜೈಲು, ಮತ್ತೆ ಮಾಡಿದರೆ 3ರಿಂದ 7 ವರ್ಷ, ಜೊತೆಗೆ ದಂಡ.

ಇಲ್ಲೊಂದು ಸೂಕ್ಷ್ಮ ಇದೆ. ನಿಮ್ಮ ಹುಡುಗಿಯದು ಸೆಲ್ಫಿ. "ಇದನ್ನು ಆರೋಪಿ ತೆಗೆದೇ ಇಲ್ಲ, ಅವಳೇ ತೆಗೆದುಕೊಂಡದ್ದು, ಹಾಗಾಗಿ ಕಲಂ 77 ಬರುವುದಿಲ್ಲ" ಅಂತ ಆಚೆಕಡೆ ವಕೀಲರು ಎಳೆದಾಡಬಹುದು. ಅದಕ್ಕೇ ಐಟಿ ಕಾಯ್ದೆಯ 66ಇ ಕಲಮನ್ನು ಜೊತೆಗೆ ಹಾಕಿಸಬೇಕು. ಒಬ್ಬರ ಗುಪ್ತಾಂಗದ ಚಿತ್ರವನ್ನು, ಒಳಉಡುಪಿನಲ್ಲಿ ಇದ್ದರೂ ಸರಿ, ಒಪ್ಪಿಗೆ ಇಲ್ಲದೆ ತೆಗೆಯುವುದು, ಪ್ರಕಟಿಸುವುದು, ಕಳಿಸುವುದು ಮೂರನ್ನೂ ಅದು ಬೇರೆ ಬೇರೆಯಾಗಿ ಹೇಳುತ್ತದೆ. ಯಾರು ತೆಗೆದರು ಅನ್ನುವುದು ಅಲ್ಲಿ ಅಡ್ಡ ಬರುವುದಿಲ್ಲ. ಶಿಕ್ಷೆ 3 ವರ್ಷದವರೆಗೆ ಜೈಲು, ಇಲ್ಲವೇ 2 ಲಕ್ಷದವರೆಗೆ ದಂಡ, ಅಥವಾ ಎರಡೂ. ಇನ್ನೊಂದು ಅನುಕೂಲ, ಈ ಕಲಂ ಗಂಡಸರಿಗೂ ಸಿಗುತ್ತದೆ. ಕಲಂ 77 ಕಾಪಾಡುವುದು ಹೆಂಗಸರನ್ನು ಮಾತ್ರ. ವಿಡಿಯೊ ಕಾಲಿನಲ್ಲಿ ಸಿಕ್ಕಿಬಿದ್ದು, ದುಡ್ಡು ಕಟ್ಟುತ್ತಾ, ಹೆಂಡತಿಗೂ ಹೇಳಲಾಗದೆ ಒದ್ದಾಡುವ ಗಂಡಸರು ಕಡಿಮೆ ಇಲ್ಲ.

ಇನ್ನು ಅವನ ಬೆದರಿಕೆ. 2 ಲಕ್ಷ ಕೊಡದಿದ್ದರೆ ಉಳಿದದ್ದನ್ನು ಹಾಕುತ್ತೇನೆ ಅನ್ನುವ ಮೆಸೇಜು ಅವನದೇ ನಂಬರಿನಿಂದ ಬಂದಿದೆ ಅಂದಿರಿ. ಒಳ್ಳೆಯದಾಯಿತು, ಅದನ್ನು ಜೋಪಾನ ಮಾಡಿ. ಬೆದರಿಸಿ ದುಡ್ಡು ಕೀಳುವುದು ನ್ಯಾಯ ಸಂಹಿತೆಯ ಕಲಂ 308ರ ಸುಲಿಗೆ. ಬೆದರಿಕೆಗೇ ಬೇರೆ ಕಲಂ ಇದೆ, 351. ಹೆಣ್ಣಿನ ಶೀಲದ ಬಗ್ಗೆ ಕಳಂಕ ಹೊರಿಸುತ್ತೇನೆ ಎಂದು ಬೆದರಿಸಿದರೆ ಅದರಲ್ಲಿ 7 ವರ್ಷದವರೆಗೆ ಶಿಕ್ಷೆ ಕೊಡಬಹುದು. ಲೆಕ್ಕ ನೋಡಿ ಹೇಗಿದೆ: ಹಾಕ್ತೀನಿ ಅಂದರೆ 7, ಹಾಕೇ ಬಿಟ್ಟರೆ ಮೊದಲ ಸಲಕ್ಕೆ 3. ನಮ್ಮ ಕಾನೂನು ಬೇರೆ ಬೇರೆ ಕಾಲದಲ್ಲಿ ತೇಪೆ ಹಾಕುತ್ತಾ ಬಂದದ್ದು ಅನ್ನುವುದಕ್ಕೆ ಇದಕ್ಕಿಂತ ಸಾಕ್ಷಿ ಬೇಡ.

ದುಡ್ಡು ಮಾತ್ರ ಕೊಡಬೇಡಿ. ಕೊಟ್ಟ ಮೇಲೆ ಅವನು ಫೋಟೊ ಅಳಿಸಿದ ಅಂತ ನೋಡುವ ದಾರಿ ಯಾರಿಗೂ ಇಲ್ಲ.

ಹುಡುಗಿಗೆ ಇನ್ನೊಂದು ಭಯ ಇದೆ ಅಂತ ನೀವೇ ಫೋನಿನಲ್ಲಿ ಪಿಸುಗುಟ್ಟಿದಿರಿ. "ನಾನೂ ಕಳಿಸಿದ್ದೀನಲ್ಲ, ನನ್ನ ಮೇಲೂ ಕೇಸ್ ಹಾಕ್ತಾರಾ?" ಈ ಭಯ ಸುಮ್ನೆ ಹುಟ್ಟಿದ್ದಲ್ಲ. ಐಟಿ ಕಾಯ್ದೆ 2000ದಲ್ಲಿ ಬಂದಾಗ ಅದಕ್ಕೆ ಕಾಣಿಸುತ್ತಿದ್ದದ್ದು ಅಶ್ಲೀಲತೆ ಒಂದೇ. 2004ರಲ್ಲಿ ದೆಹಲಿಯ ಶಾಲೆಯ ಒಬ್ಬ ಹುಡುಗ, ಹುಡುಗಿಯ ಖಾಸಗಿ ವಿಡಿಯೊ ಎಂಎಂಎಸ್ ಆಗಿ ದೇಶವೆಲ್ಲಾ ಹರಡಿ, ಒಂದು ಹರಾಜು ವೆಬ್‌ಸೈಟಿನಲ್ಲಿ ಮಾರಾಟಕ್ಕೂ ಬಂದಾಗ, ಆ ಕಾಯ್ದೆಯಲ್ಲಿ ಸಿಕ್ಕಿದ್ದು ಅಶ್ಲೀಲತೆಯ ಕಲಂ 67. ಆ ಹುಡುಗಿಯ ಒಪ್ಪಿಗೆ ಇತ್ತಾ ಇಲ್ಲವಾ ಅನ್ನುವುದನ್ನು ಆ ಕಲಂ ಕೇಳುವುದೇ ಇಲ್ಲ. 2008ರ ತಿದ್ದುಪಡಿಯಲ್ಲಿ 66ಇ ಬಂತು, ಒಪ್ಪಿಗೆಯ ಮಾತು ಆಗ ಸೇರಿತು. ಆದರೆ ಅದೇ ತಿದ್ದುಪಡಿಯಲ್ಲಿ 67ಎ ಕೂಡ ಬಂತು. ಲೈಂಗಿಕ ಕ್ರಿಯೆಯ ದೃಶ್ಯ ಕಳಿಸಿದರೆ ಮೊದಲ ಸಲಕ್ಕೇ 5 ವರ್ಷದವರೆಗೆ ಜೈಲು, 10 ಲಕ್ಷದವರೆಗೆ ದಂಡ. ಅಲ್ಲಿಯೂ ಒಪ್ಪಿಗೆಯ ಸುದ್ದಿ ಇಲ್ಲ. ಪೊಲೀಸರಿಗೆ 67, 67ಎ ಬಾಯಿಪಾಠ. ದೂರಿನಲ್ಲಿ ಅವೆರಡನ್ನೇ ಬರೆದುಕೊಂಡರೆ ಕೇಸು "ಅಸಹ್ಯ ಫೋಟೊ" ಸುತ್ತ ತಿರುಗುತ್ತದೆ, ಆಕೆಗಾದ ಅನ್ಯಾಯದ ಸುತ್ತ ಅಲ್ಲ. ನನ್ನ ಪ್ರಕಾರ ನಮ್ಮ ಕಾನೂನಿನ ದೊಡ್ಡ ಕೊರತೆ ಶಿಕ್ಷೆ ಕಡಿಮೆ ಅನ್ನುವುದಲ್ಲ, ಇದು. ಹಾಗಾಗಿ ದೂರು ಬರೆಯುವಾಗ "ನನ್ನ ಒಪ್ಪಿಗೆ ಇಲ್ಲದೆ" ಅನ್ನುವ ಮಾತು ಮೊದಲ ಸಾಲಿನಲ್ಲೇ ಇರಲಿ. 66ಇ ಮತ್ತು 77 ಅಂತ ನೀವೇ ಬರೆದುಕೊಂಡು ಹೋಗಿ.

ಬೇರೆ ದೇಶಗಳೂ ಎಡವುತ್ತಲೇ ಕಲಿತಿವೆ. ಇಂಗ್ಲೆಂಡ್ 2015ರಲ್ಲಿ ಇದಕ್ಕೆಂದೇ ಕಾನೂನು ಮಾಡಿತು. ಆದರೆ ನೋಯಿಸುವ ಉದ್ದೇಶ ಇತ್ತು ಅಂತ ಸಾಬೀತು ಮಾಡಬೇಕಿತ್ತು. "ತಮಾಷೆಗೆ ಹಾಕಿದೆ" ಅಂದವನಿಗೆ ಅದೇ ತಪ್ಪಿಸಿಕೊಳ್ಳುವ ಬಾಗಿಲು. 2023ರ ಆನ್‌ಲೈನ್ ಸುರಕ್ಷತಾ ಕಾಯ್ದೆಯ ಮೂಲಕ ಅದನ್ನು ಬದಲಿಸಿದರು. ಈಗ ಒಪ್ಪಿಗೆ ಇಲ್ಲದೆ ಹಂಚಿದ್ದೇ ಸಾಕು, ಉದ್ದೇಶ ಇದ್ದರೆ ಶಿಕ್ಷೆ ಇನ್ನೂ ಜಾಸ್ತಿ. ಫಿಲಿಪ್ಪೀನ್ಸ್‌ನ 2009ರ ಕಾಯ್ದೆಯಲ್ಲಂತೂ, ಚಿತ್ರೀಕರಣಕ್ಕೆ ಒಪ್ಪಿದ್ದರೂ ಹಂಚುವಂತಿಲ್ಲ ಎಂದು ಆಗಲೇ ಬರೆದಿತ್ತು.

ಕೇಸು ನಿಲ್ಲುತ್ತಾ? ನಿಂತ ಕೇಸು ಹೇಳುತ್ತೇನೆ. ಪಶ್ಚಿಮ ಬಂಗಾಳದ ತಮ್ಲುಕ್ ಅನ್ನುವ ಊರು. ಸಂಬಂಧ ಕಡಿದುಕೊಂಡಳು ಅಂತ ಒಬ್ಬ ಎಂಜಿನಿಯರಿಂಗ್ ವಿದ್ಯಾರ್ಥಿ ಹುಡುಗಿಯ ಚಿತ್ರಗಳನ್ನು ಅಶ್ಲೀಲ ಜಾಲತಾಣಕ್ಕೆ ಏರಿಸಿದ. 2018ರ ಮಾರ್ಚ್‌ನಲ್ಲಿ ಅಲ್ಲಿನ ನ್ಯಾಯಾಲಯ ಅವನಿಗೆ 5 ವರ್ಷ ಜೈಲು ಕೊಟ್ಟಿತು. ಅಷ್ಟೇ ಅಲ್ಲ, ಆ ಹುಡುಗಿಯನ್ನು ಅತ್ಯಾಚಾರ ಸಂತ್ರಸ್ತೆ ಎಂದೇ ಪರಿಗಣಿಸಿ ಪರಿಹಾರ ಕೊಡಿ ಎಂದು ಸರ್ಕಾರಕ್ಕೆ ಹೇಳಿತು. ದೊಡ್ಡ ನಗರವಲ್ಲ, ಹೈಕೋರ್ಟೂ ಅಲ್ಲ, ಜಿಲ್ಲಾ ಕೇಂದ್ರದ ಕೋರ್ಟು. ನಿಮ್ಮ ಯಜಮಾನರಿಗೆ ಇದನ್ನು ಓದಿ ಹೇಳಿ.

"ಫೋಟೊ ಕಳಿಸದಿದ್ದರೆ ಏನೂ ಆಗ್ತಿರಲಿಲ್ಲ" ಅಂತಲೂ ಅವರು ಅನ್ನಬಹುದು. 2023ರ ನವೆಂಬರ್‌ನಲ್ಲಿ ನಮ್ಮ ಕೊಡಗಿನ ರಶ್ಮಿಕಾ ಮಂದಣ್ಣ ಯಾರಿಗೆ ಏನು ಕಳಿಸಿದ್ದರು? ಬೇರೆ ಯಾರದೋ ವಿಡಿಯೊಗೆ ಅವರ ಮುಖ ಅಂಟಿಸಿ ಬಿಟ್ಟರು. ದೆಹಲಿ ಪೊಲೀಸರು ಕೇಸು ದಾಖಲಿಸಿ, 2024ರ ಜನವರಿಯಲ್ಲಿ ಆಂಧ್ರದಿಂದ ಒಬ್ಬನನ್ನು ಹಿಡಿದು ತಂದರು. ಈಗ ಮದುವೆ ಆಲ್ಬಮ್ಮಿನ ಒಂದು ಫೋಟೊ ಸಾಕು. ಹೆಣ್ಣುಮಕ್ಕಳು ಎಷ್ಟು ಹುಷಾರಾಗಿದ್ದರೂ ಅದಕ್ಕೆ ಕೊನೆ ಇಲ್ಲ.

ಈಗ ಆ ಗ್ರೂಪಿನ ಮಾತು. ನಿಮ್ಮ ಪತ್ರದಲ್ಲಿ ನನಗೆ ಎಲ್ಲಕ್ಕಿಂತ ಕಸಿವಿಸಿ ಮಾಡಿದ್ದು ಅದು. ನೆಂಟರ ಗ್ರೂಪಿನಲ್ಲಿ ಹುಡುಗಿಯ ಮಾವಂದಿರು, ಚಿಕ್ಕಪ್ಪಂದಿರು, ಅಣ್ಣಂದಿರು ಎಲ್ಲ ಇದ್ದಾರೆ. ಫೋಟೊ ಬಂದು ಎರಡು ದಿನವಾದರೂ ಅದು ಅಲ್ಲೇ ಇತ್ತು, ಮೇಲೊಂದು "ಗುಡ್ ಮಾರ್ನಿಂಗ್" ಹೂವು ಬಂದು ಕೂತಿತ್ತು ಅಂದಿರಿ. ಇಷ್ಟರಲ್ಲಿ ಯಾರೋ ಅದನ್ನು ಇನ್ನೊಂದು ಗ್ರೂಪಿಗೂ ದಾಟಿಸಿದ್ದಾರೆ. "ನೋಡಿ ಎಂಥಾ ಹುಡುಗ" ಅಂತ ಅನುಕಂಪದಿಂದ ಫಾರ್ವರ್ಡ್ ಮಾಡಿದರೂ ಕಲಂ 66ಇ ಅದನ್ನು ಕಳಿಸಿದ್ದು ಅಂತಲೇ ನೋಡುತ್ತದೆ. 2024ರ ಏಪ್ರಿಲ್‌ನಲ್ಲಿ ಹಾಸನದಲ್ಲಿ ಲೈಂಗಿಕ ದೌರ್ಜನ್ಯದ ವಿಡಿಯೊಗಳಿದ್ದ ಪೆನ್‌ಡ್ರೈವ್‌ಗಳು ಹರಿದಾಡಿದ್ದು ನೆನಪಿದೆಯಲ್ಲ. ಹೆಂಗಸರ ಮುಖ ಮರೆಮಾಡುವ ಕನಿಷ್ಠ ಮರ್ಯಾದೆಯೂ ಇರಲಿಲ್ಲ. ಚುನಾವಣೆಯ ಗಲಾಟೆಯಲ್ಲಿ "ನಂಗೂ ಕಳ್ಸು" ಅಂದವರು ಎಷ್ಟೋ ಜನ. ಆ ವಿಡಿಯೊ ಹಂಚುವುದೇ ಅಪರಾಧ ಅಂತ ವಿಶೇಷ ತನಿಖಾ ತಂಡ (ಎಸ್‌ಐಟಿ) ಎಚ್ಚರಿಕೆ ಕೊಡಬೇಕಾಯಿತು. 2025ರ ಆಗಸ್ಟ್‌ನಲ್ಲಿ ಬೆಂಗಳೂರಿನ ವಿಶೇಷ ನ್ಯಾಯಾಲಯ ಒಂದು ಪ್ರಕರಣದಲ್ಲಿ ಹಾಸನದ ಮಾಜಿ ಸಂಸದ ಪ್ರಜ್ವಲ್ ರೇವಣ್ಣಗೆ ಜೀವಾವಧಿ ಶಿಕ್ಷೆ ಕೊಟ್ಟಾಗ, ಅತ್ಯಾಚಾರದ ಕಲಂಗಳ ಜೊತೆ ಈ 66ಇ ಕೂಡ ಇತ್ತು. ಅಪರಾಧ ಮಾಡಿದವನ ಸುದ್ದಿ ಎಲ್ಲರೂ ಓದಿದರು. ಫಾರ್ವರ್ಡ್ ಮಾಡಿದ ತಮ್ಮ ಬೆರಳಿನ ಬಗ್ಗೆ ಯೋಚಿಸಿದವರು ಕಡಿಮೆ.

ಗ್ರೂಪಿನ ಅಡ್ಮಿನ್ ನಿಮ್ಮ ಭಾವನವರೇ ಅಲ್ವಾ. ಬೇರೆಯವರು ಹಾಕಿದ ಮೆಸೇಜನ್ನೂ ಎಲ್ಲರ ಫೋನಿನಿಂದ ಅಳಿಸುವ ಸೌಲಭ್ಯ ಅಡ್ಮಿನ್‌ಗೆ ಇದೆ. ತಡ ಮಾಡುವಂತಿಲ್ಲ. ಆದರೆ ಅಳಿಸುವ ಮುಂಚೆ ಸ್ಕ್ರೀನ್‌ಶಾಟ್ ಬೇಕು. ಅವನ ನಂಬರು, ತಾರೀಖು, ಸಮಯ, ಗ್ರೂಪಿನ ಹೆಸರು, ಸದಸ್ಯರ ಪಟ್ಟಿ ಎಲ್ಲ ಕಾಣುವ ಹಾಗೆ. ಬೆದರಿಕೆಯ ಚಾಟನ್ನು ಹುಡುಗಿಯ ಫೋನಿನಲ್ಲಿ ಹಾಗೇ ಬಿಡಿ. ಸಿಟ್ಟಿಗೆ ಬ್ಲಾಕ್ ಮಾಡಿ, ಚಾಟ್ ಅಳಿಸಿ, ಫೋನ್ ರಿಸೆಟ್ ಮಾಡಿಬಿಡುತ್ತಾರೆ, ಆಮೇಲೆ ಕೋರ್ಟಿನಲ್ಲಿ ತೋರಿಸಲು ಏನೂ ಇರುವುದಿಲ್ಲ. ಡಿಜಿಟಲ್ ಸಾಕ್ಷ್ಯಕ್ಕೆ ಹೊಸ ಸಾಕ್ಷ್ಯ ಕಾಯ್ದೆಯ ಕಲಂ 63ರ ಪ್ರಮಾಣಪತ್ರ ಬೇಕಾಗುತ್ತದೆ, ಅದನ್ನು ವಕೀಲರು ನೋಡಿಕೊಳ್ಳುತ್ತಾರೆ. ಸಾಕ್ಷಿಗೆ ಅಂತ ಆ ಫೋಟೊವನ್ನು ನೀವು ಮಾತ್ರ ಯಾರಿಗೂ ಕಳಿಸಬೇಡಿ, ನಮಗೂ ಬೇಡ.

ಫೇಸ್‌ಬುಕ್, ಇನ್‌ಸ್ಟಾಗ್ರಾಮ್‌ಗೆ ಅವನು ಏರಿಸಿದರೆ? ಇಂಥ ಚಿತ್ರದ ಬಗ್ಗೆ ಸಂತ್ರಸ್ತರು ಅಥವಾ ಅವರ ಪರವಾಗಿ ಯಾರಾದರೂ ದೂರು ಕೊಟ್ಟರೆ 24 ಗಂಟೆಯೊಳಗೆ ತೆಗೆಯಲು ಕ್ರಮ ಕೈಗೊಳ್ಳಬೇಕೆಂದು 2021ರ ಐಟಿ ನಿಯಮಗಳೇ ಕಂಪನಿಗಳಿಗೆ ಹೇಳಿದವು. ತಿರುಚಿದ ಚಿತ್ರಕ್ಕೂ ಅದು ಅನ್ವಯ. ಮುಂಚಿತವಾಗಿ ತಡೆಯಲು ಇನ್ನೊಂದು ದಾರಿ ಇದೆ, ಸ್ಟಾಪ್ ಎನ್‌ಸಿಐಐ ಡಾಟ್ ಆರ್ಗ್ ಎಂಬ ತಾಣ. 18 ದಾಟಿದವರು ತಮ್ಮ ಫೋನಿನಲ್ಲೇ ಚಿತ್ರವನ್ನು ಆರಿಸಿದರೆ, ಅದರ ಹೆಬ್ಬೆಟ್ಟಿನ ಗುರುತಿನಂಥ ಒಂದು ಸಂಕೇತ ಮಾತ್ರ ಹೋಗುತ್ತದೆ, ಚಿತ್ರ ಫೋನ್ ಬಿಟ್ಟು ಹೋಗುವುದಿಲ್ಲ. ಸೇರಿಕೊಂಡಿರುವ ಕಂಪನಿಗಳು ಆ ಗುರುತಿನ ಚಿತ್ರ ಬಂದರೆ ತಡೆಯುತ್ತವೆ. ವಾಟ್ಸಾಪ್‌ನ ಖಾಸಗಿ ಚಾಟಿನಲ್ಲಿ ಇದು ನಡೆಯುವುದಿಲ್ಲ, ಅಲ್ಲಿ ಹೋಗುವುದನ್ನು ಕಂಪನಿಯೂ ನೋಡಲಾರದು. ಹುಡುಗಿಗೆ 18 ತುಂಬಿರದಿದ್ದರೆ ಕಥೆಯೇ ಬೇರೆ, ಆಗ ಮಕ್ಕಳ ಮೇಲಿನ ಲೈಂಗಿಕ ಅಪರಾಧಗಳ ಕಾಯ್ದೆ, ಪೋಕ್ಸೊ, ಬರುತ್ತದೆ.

ಕೊನೆಗೆ ಠಾಣೆ. ಜಿಲ್ಲಾ ಕೇಂದ್ರದಲ್ಲಿ ಸೈಬರ್ ಅಪರಾಧಗಳನ್ನು ನೋಡಿಕೊಳ್ಳುವ ಸೆನ್ ಠಾಣೆ ಇದೆ. ಅಷ್ಟು ದೂರ ಆಗದಿದ್ದರೆ ಯಾವ ಠಾಣೆಗಾದರೂ ಹೋಗಿ, ವ್ಯಾಪ್ತಿ ನಮ್ಮದಲ್ಲ ಅನ್ನುವಂತಿಲ್ಲ, ಶೂನ್ಯ ಎಫ್‌ಐಆರ್ ಮಾಡಬೇಕು. ಸೈಬರ್ ಅಪರಾಧ ಪೋರ್ಟಲ್‌ನಲ್ಲಿ ಮನೆಯಿಂದಲೇ ದೂರು ದಾಖಲಿಸಬಹುದು. ಕಲಂ 77ರ ದೂರನ್ನು ಮಹಿಳಾ ಪೊಲೀಸ್ ಬರೆದುಕೊಳ್ಳಬೇಕು ಅಂತ ಕಾನೂನಿದೆ, ಧೈರ್ಯವಾಗಿ ಕೇಳಿ. ಐಟಿ ಕಾಯ್ದೆಯ ತನಿಖೆ ಇನ್‌ಸ್ಪೆಕ್ಟರ್ ದರ್ಜೆಗಿಂತ ಕೆಳಗಿನವರು ಮಾಡುವಂತಿಲ್ಲ.

ಅಲ್ಲಿ ಏನಾಗಬಹುದು ಅಂತಲೂ ಹೇಳಿಬಿಡುತ್ತೇನೆ. "ಹುಡುಗನನ್ನ ಕರೆಸಿ ಬುದ್ಧಿ ಹೇಳ್ತೀವಿ, ಮುಚ್ಚಳಿಕೆ ಬರೆಸಿಕೊಳ್ತೀವಿ, ಹುಡುಗಿ ಭವಿಷ್ಯ ನೋಡಿ" ಅಂತಾರೆ. ಅವನ ಫೋನು ವಶಕ್ಕೆ ತೆಗೆದುಕೊಳ್ಳದ ಮುಚ್ಚಳಿಕೆಗೆ ಕಾಸಿನ ಬೆಲೆ ಇಲ್ಲ. ಇದು ಎನ್‌ಸಿ ಮಾಡಿ, ಅಂದರೆ ಎಫ್‌ಐಆರ್ ಇಲ್ಲದೆ ಸಣ್ಣ ದೂರು ಅಂತ ಬರೆದಿಟ್ಟುಕೊಂಡು, ಕಳಿಸುವ ದೂರಲ್ಲ. ಕೆಲವು ಕಲಂಗಳಲ್ಲಿ ಪ್ರಾಥಮಿಕ ವಿಚಾರಣೆ ಅಂತ 14 ದಿನ ತೆಗೆದುಕೊಳ್ಳಲು ಅವಕಾಶ ಇದೆ, ಅದಕ್ಕೂ ಡಿವೈಎಸ್‌ಪಿ ಅನುಮತಿ ಬೇಕು. ಬರೇ ಹಿಂಬರಹ ಕೊಟ್ಟು ಕಳಿಸಿದರೆ ಅದನ್ನು ಇಟ್ಟುಕೊಂಡು ಎಸ್‌ಪಿಗೆ ಬರೆಯಿರಿ, ಅಲ್ಲೂ ಆಗದಿದ್ದರೆ ಮ್ಯಾಜಿಸ್ಟ್ರೇಟರ ಮುಂದೆ ಹೋಗಬಹುದು. ಎಫ್‌ಐಆರ್ ಪ್ರತಿಯನ್ನು ದುಡ್ಡಿಲ್ಲದೆ ಕೊಡಬೇಕು, ತೆಗೆದುಕೊಳ್ಳದೆ ಬರಬೇಡಿ.

ವಕೀಲರ ಖರ್ಚಿನ ಬಗ್ಗೆ ತಂಗಿಗೆ ಚಿಂತೆ ಅಂದಿರಿ. ಜಿಲ್ಲಾ ನ್ಯಾಯಾಲಯದ ಆವರಣದಲ್ಲೇ ಕಾನೂನು ಸೇವಾ ಪ್ರಾಧಿಕಾರದ ಕಚೇರಿ ಇರುತ್ತದೆ. ಆದಾಯ ಎಷ್ಟೇ ಇರಲಿ, ಹೆಣ್ಣುಮಕ್ಕಳಿಗೆ ಅಲ್ಲಿ ವಕೀಲರು ಉಚಿತ. ಸಹಾಯವಾಣಿ 15100. ಹುಡುಗಿ ಹೋಗುವಾಗ ನೀವು ಜೊತೆಗಿರಿ, ಅವಳಪ್ಪನನ್ನು ಹೊರಗೆ ಕೂರಿಸಿದರೂ ಪರವಾಗಿಲ್ಲ. ಫೋಟೊ ತೋರಿಸಬೇಕಾದ ಹೊತ್ತಿಗೆ ಅವಳಿಗೆ ಅಪ್ಪನಿಗಿಂತ ದೊಡ್ಡಮ್ಮ ಪಕ್ಕದಲ್ಲಿದ್ದರೆ ಸಲೀಸು.